ಹಳದಿ ಜಾಕೆಟ್ಟಿನ ಹಾಲುಹಲ್ಲು

“ದೊಡ್ಡಮ್ಮ, ಇದು ನನ್ನದಲ್ಲ. ನಾನು ಕದ್ದೂ ಇಲ್ಲ.”

ಗುಬ್ಬಿ ಅಂಗೈ ಚಾಚಿ ನಿಂತಿದ್ದಳು. ಅಂಗೈಯಲ್ಲಿ ಮಡಿಚಿದ ಒಂದು ಮೆತ್ತನೆಯ ಬಟ್ಟೆ. ಬಟ್ಟೆಯ ನಡುವೆ ಒಂದು ಹಾಲುಹಲ್ಲು. ಅದರ ಬುಡದಲ್ಲಿ ಕುಂಕುಮ ತಗಲಿದಷ್ಟು ಒಣಗಿದ ರಕ್ತ.

ಕೋಟೆಯ ಹೆಬ್ಬಾಗಿಲಿನ ಕಮಾನಿನಡಿ ತಣ್ಣನೆಯ ಗಾಳಿ ನುಗ್ಗುತ್ತಿತ್ತು. ದೊಡ್ಡಮ್ಮ ಬಗ್ಗಿ ನೋಡಿದಳು. ಅವಳು ದೊಡ್ಡಮ್ಮನಾದದ್ದು ಕರುಳಿನ ನಂಟಿನಿಂದಲ್ಲ, ಬಾಗಿಲಿನ ನಂಟಿನಿಂದ. ಒಂದೇ ಮಹಡಿಯಲ್ಲಿ ಎದುರುಬದುರು ಬಾಗಿಲು ತೆರೆದಿಟ್ಟು ಬದುಕಿದ ಮೂರು ಸಂಸಾರಗಳಲ್ಲಿ ಅವಳೇ ಹಿರಿಯಳು. ಪೊಲೀಸ್ ಇಲಾಖೆಯಲ್ಲಿ ತನಿಖೆ ಮಾಡುತ್ತಲೇ ತಲೆ ನರೆಸಿಕೊಂಡು ನಿವೃತ್ತಳಾದವಳು. ಗಂಡ ಹೋದ ಮೇಲೆ ಊಟ ರುಚಿಸದೆ, ಮಾತು ಬೇಡವಾಗಿ ಕುಳಿತಿದ್ದವಳನ್ನು ಉಳಿದೆರಡು ಮನೆಯವರು ಸೇರಿ ಈ ಪರದೇಶಕ್ಕೆ ಎಳೆದು ತಂದಿದ್ದರು. ನಾಲ್ಕು ಹಳೆಯ ಕಲ್ಲು ನೋಡಿದರೆ ಎದೆಯ ಮೇಲಿನ ಕಲ್ಲು ಸರಿಯುತ್ತದೆ ಎಂಬುದು ಅವರ ಲೆಕ್ಕ.

ಮೊನ್ನೆ ಇದೇ ಕೋಟೆಯ ಉತ್ತರದ ಗೋಡೆಯಿಂದ ಅವರಲ್ಲೊಬ್ಬ ಬಿದ್ದು ಸತ್ತಿದ್ದ. ಫೋಟೋಗ್ರಾಫರ್. ತಳ್ಳಿದವಳು ಅವನ ಹೆಂಡತಿಯೇ ಎಂದು ಇಲ್ಲಿನ ಪೊಲೀಸರು ನಂಬತೊಡಗಿದ್ದರು.

“ಎಲ್ಲಿ ಸಿಕ್ತು ಇದು?”

“ನನ್ನ ಜೇಬಲ್ಲಿ. ಈಗ ಕೈ ಹಾಕ್ದೆ, ಸಿಕ್ತು.”

ಗುಬ್ಬಿ ತೊಟ್ಟದ್ದು ಅವಳದೇ ಹಳದಿ ಜಾಕೆಟ್ಟು. ದೊಡ್ಡಮ್ಮ ಅವಳ ಗಲ್ಲ ಹಿಡಿದು ಬಾಯಿ ತೆರೆಸಿದಳು. ಮೇಲೂ ಕೆಳಗೂ ಮಲ್ಲಿಗೆ ಪೋಣಿಸಿದ ಹಾಗೆ ಹಲ್ಲುಗಳು. ಒಂದೂ ಬಿದ್ದಿರಲಿಲ್ಲ, ಒಂದೂ ಅಲ್ಲಾಡುತ್ತಿರಲಿಲ್ಲ.

ಬಟ್ಟೆಯನ್ನು ಅವಳು ಬೆರಳಿನಲ್ಲಿ ಉಜ್ಜಿ ನೋಡಿದಳು. ಅದು ಕ್ಯಾಮೆರಾದ ಗಾಜು ಒರೆಸುವ ಬಟ್ಟೆ. ಒಂದು ಅಂಚು ಸುಟ್ಟು ಕಂದಾಗಿತ್ತು. ಆ ಸುಟ್ಟ ಅಂಚನ್ನು ಅವಳು ಎಷ್ಟು ಸಲ ಕಂಡಿರಲಿಲ್ಲ! ಫೋಟೋಗ್ರಾಫರ್ ಅದನ್ನು ಯಾವತ್ತೂ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಕಂಡವರ ಕನ್ನಡಕವನ್ನೆಲ್ಲ ಕಿತ್ತು ಒರೆಸುತ್ತಿದ್ದ. ‘ಅಕ್ಕ, ಲೋಕ ಮಸುಕಾಗಿಲ್ಲ, ನಿಮ್ಮ ಕನ್ನಡಕ ಮಸುಕಾಗಿದೆ’ ಎನ್ನುತ್ತಿದ್ದ.

ನೆನಪಾದರೂ ಅವಳಿಗೆ ಅಳು ಬರಲಿಲ್ಲ. ಮೊನ್ನೆಯಿಂದ ಯಾರಿಗೂ ಬಂದಿರಲಿಲ್ಲ. ತುಂಬ ಹೊತ್ತು ತಣ್ಣೀರಿನಲ್ಲಿಟ್ಟ ಕೈಗೆ ಬಿಸಿಯೂ ತಿಳಿಯುವುದಿಲ್ಲ, ಮುಳ್ಳೂ ತಿಳಿಯುವುದಿಲ್ಲ. ಎಲ್ಲರೂ ಹಾಗೇ ಆಗಿದ್ದರು.

ದೇವರು ಸಾಕ್ಷಿ ಕಳಿಸುವಾಗ ತುತ್ತೂರಿ ಊದಿಸುವುದಿಲ್ಲ. ಒಂದು ಮಗುವಿನ ಜೇಬಿನಲ್ಲಿ ಒಂದು ಹಲ್ಲು ಇಟ್ಟು ಸುಮ್ಮನಾಗುತ್ತಾನೆ. ದೊಡ್ಡಮ್ಮ ಬಟ್ಟೆ ಮಡಿಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

*

ಒಳಗಿನ ಅಂಗಳ ಅಗಲವಾಗಿತ್ತು. ಸುತ್ತ ಎತ್ತರದ ಗೋಡೆ, ಗೋಡೆಯ ಮೇಲೆ ಕಾವಲಿನವರು ನಡೆಯಲು ಮಾಡಿದ ಕಿರಿದಾದ ದಾರಿ. ಅಲ್ಲಿಗೆ ಹತ್ತಲು ಎರಡು ಮೆಟ್ಟಿಲು. ಒಂದು ಅಗಲದ್ದು, ಅದರ ಬುಡದಲ್ಲಿ ಸ್ಟೂಲ್ ಹಾಕಿಕೊಂಡು ಕಾವಲಿನ ಹೆಂಗಸೊಬ್ಬಳು ಕೂರುತ್ತಾಳೆ. ಇನ್ನೊಂದು ಹಳೆಯ ಅಡುಗೆಮನೆಯ ಪಕ್ಕದ ಇಕ್ಕಟ್ಟಿನ ಮೆಟ್ಟಿಲು, ಅಲ್ಲಿ ಯಾರೂ ಇರುವುದಿಲ್ಲ. ಮೊನ್ನೆಯ ನಂತರ ಪೊಲೀಸರು ಅದರ ಬಾಯಿಗೆ ಒಂದು ಸರಪಳಿ ಸಿಕ್ಕಿಸಿದ್ದರು.

ಆ ಸರಪಳಿಯ ಮುಂದಿನ ಬೆಂಚಿನ ಮೇಲೆ ಡಾಕ್ಟರ್ ಕುಳಿತಿದ್ದಳು. ಸತ್ತವನ ಹೆಂಡತಿ. ಯಾರೋ ಕೊಟ್ಟ ಚಹಾದ ಲೋಟ ಅವಳ ಕೈಯಲ್ಲೇ ಆರಿತ್ತು. ಊರಿನಲ್ಲಿ ಅವಳು ಅರಳು ಹುರಿದ ಹಾಗೆ ಮಾತಾಡುವವಳು. ಪೇಷೆಂಟುಗಳಿಗೆ ಔಷಧಿಗಿಂತ ಬೈಗುಳವೇ ಹೆಚ್ಚು ಎಂದು ಹೆಸರು. ಈಗ ಕೇಳಿದ್ದಕ್ಕೆ ಹೌದು, ಇಲ್ಲ. ಅಷ್ಟೇ.

ಅವಳ ಮೇಲಿನ ಅನುಮಾನಕ್ಕೆ ಪೊಲೀಸರ ಬಳಿ ಇದ್ದದ್ದು ಎರಡೇ ಎಳೆ. ಹಿಂದಿನ ದಿನ ಹೋಟೆಲಿನಲ್ಲಿ ಗಂಡ ಹೆಂಡತಿ ಜಗಳವಾಡಿದ್ದನ್ನು ಪಕ್ಕದ ಕೋಣೆಯವರು ಕೇಳಿದ್ದರು. ‘ಎಲ್ಲರ ಮುಂದೆ ಹೇಳಿಬಿಡ್ತೀನಿ’ ಎಂದು ಅವನು, ‘ಬೇಡ’ ಎಂದು ಇವಳು. ಏನು ಹೇಳುವುದಿತ್ತು ಎಂದು ದೊಡ್ಡಮ್ಮ ಕೇಳಿದಾಗಲೂ ಡಾಕ್ಟರ್ ಬಾಯಿ ಬಿಟ್ಟಿರಲಿಲ್ಲ. ಸತ್ತವರ ಗುಟ್ಟು ಸತ್ತವರ ಜೊತೆ ಹೋಗಲಿ ಎಂದಿದ್ದಳು.

ಎರಡನೆಯ ಎಳೆ ಎಂಜಿನಿಯರ್. ಗುಬ್ಬಿಯ ಅಪ್ಪ, ಸತ್ತವನ ಗೆಳೆಯ.

ಮೊನ್ನೆ ಜಿಟಿಜಿಟಿ ಮಳೆ ಇತ್ತು. ಬಾಗಿಲಲ್ಲೇ ದೊಡ್ಡವರಿಗೆಲ್ಲ ಒಂದೇ ತರಹದ ಬೂದು ಮಳೆಯಂಗಿ ಕೊಟ್ಟಿದ್ದರು. ತಲೆಗವಸು ಎಳೆದುಕೊಂಡರೆ ಗಂಡ ಯಾರು, ಗಂಡನ ಗೆಳೆಯ ಯಾರು ಎಂದು ಕಟ್ಟಿಕೊಂಡವಳಿಗೂ ತಿಳಿಯದು. ಮಕ್ಕಳಿಗೆ ಮಾತ್ರ ಅವರವರದೇ ಜಾಕೆಟ್ಟು: ಗುಬ್ಬಿಗೆ ಹಳದಿ, ಫೋಟೋಗ್ರಾಫರನ ಮಗಳು ಮಿಡತೆಗೆ ನೀಲಿ. ಕಾವಲಿನ ಹೆಂಗಸು ಪೊಲೀಸರಿಗೆ ಹೇಳಿದ್ದು ಇಷ್ಟು. ಬೂದು ಮಳೆಯಂಗಿಯ ಗಂಡಸೊಬ್ಬ ಹಳದಿ ಜಾಕೆಟ್ಟಿನ ಹುಡುಗಿಯ ಕೈಹಿಡಿದು ಅಗಲದ ಮೆಟ್ಟಿಲು ಹತ್ತಿದ. ಆಮೇಲೆ ಶಾಲೆಯ ಮಕ್ಕಳ ಒಂದು ಹಿಂಡು ಬಂದು ಗದ್ದಲವಾಯಿತು. ಅವರು ಇಳಿದದ್ದನ್ನು ಅವಳು ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯಾಚೆಗಿನ ಒಣ ಕಂದಕದಿಂದ ಕೂಗು ಕೇಳಿಸಿತು.

ಹಳದಿ ಜಾಕೆಟ್ಟು ಯಾರದು ಎಂದು ಪೊಲೀಸ್ ಅಧಿಕಾರಿ ಕೇಳಿದ ಕೂಡಲೇ ಎಂಜಿನಿಯರ್ ಮುಂದೆ ಬಂದಿದ್ದ. ನನ್ನ ಮಗಳದು, ಹತ್ತಿದವನು ನಾನೇ ಎಂದಿದ್ದ. ಮೆಟ್ಟಿಲ ತಿರುವಿನವರೆಗೆ ಹೋದೆವು, ಕತ್ತಲೆಗೆ ಮಗು ಹೆದರಿತು, ಇಳಿದು ಬಂದೆವು. ಆಮೇಲೆ ಇನ್ನೊಂದು ಮಾತು ಸೇರಿಸಿದ್ದ: ತಿರುವಿನ ಕಿಟಕಿಯಿಂದ ನೋಡಿದಾಗ ಡಾಕ್ಟರ್ ಅಡುಗೆಮನೆಯ ಮೆಟ್ಟಿಲ ಕಡೆಗೆ ಅವಸರದಿಂದ ಹೋಗುತ್ತಿದ್ದಳು.

ಡಾಕ್ಟರ್ ಹೇಳಿದ್ದೇ ಬೇರೆ. ಕೋಟೆಯೊಳಗಿನ ಪ್ರಾರ್ಥನಾ ಕೋಣೆಯಲ್ಲಿ ಒಬ್ಬಳೇ ಕುಳಿತಿದ್ದೆ, ಯಾರ ದೇವರಾದರೇನು, ತಂಪಾಗಿತ್ತು ಎಂದು. ಅವಳನ್ನು ಅಲ್ಲಿ ಕಂಡವರು ದೇವರೊಬ್ಬನೇ. ಅವನು ಠಾಣೆಗೆ ಬಂದು ಹೇಳಿಕೆ ಕೊಡುವವನಲ್ಲ.

ಇವತ್ತು ಅಧಿಕಾರಿ ಎಲ್ಲರನ್ನೂ ಮತ್ತೆ ಕೋಟೆಗೆ ಕರೆಸಿದ್ದ. ಎಂಜಿನಿಯರ್ ಆ ಕಿಟಕಿಯನ್ನು ತೋರಿಸಿ ತನ್ನ ಹೇಳಿಕೆಗೆ ಸಹಿ ಹಾಕಿದರೆ ಡಾಕ್ಟರಳನ್ನು ಇಲ್ಲೇ ಹಿಡಿದಿಡುತ್ತಾರೆ. ಸಂಜೆಯ ವಿಮಾನದಲ್ಲಿ ಮಿಡತೆ ತಾಯಿಯಿಲ್ಲದೆ ಊರಿಗೆ ಹೋಗಬೇಕು. ತಂದೆ ಇಲ್ಲ ಎಂಬುದು ಆ ಮಗುವಿಗೆ ಇನ್ನೂ ಗೊತ್ತಿರಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿ ನಿದ್ದೆ ಮಾಡುತ್ತಿದ್ದಾರೆ ಎಂದು ದೊಡ್ಡವರೆಲ್ಲ ಸೇರಿ ಹೇಳಿದ್ದರು.

*

ಮಿಡತೆ ಒಂದು ಹಳೆಯ ಫಿರಂಗಿಯ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದಳು. ದೊಡ್ಡಮ್ಮ ಹೋಗಿ ಪಕ್ಕದಲ್ಲಿ ನಿಂತಳು.

“ಬಾಯಿ ತೆರಿ ನೋಡೋಣ.”

ಮಿಡತೆ ತೆರೆದಳು. ಮುಂದಿನ ಸಾಲಿನಲ್ಲಿ ಒಂದು ಕಿಂಡಿ. ಮೊನ್ನೆ ಮಧ್ಯಾಹ್ನ ಇದೇ ಅಂಗಳದಲ್ಲಿ ಬುತ್ತಿ ಬಿಚ್ಚಿ ಉಂಡಾಗ ಆ ಹಲ್ಲು ಜೋತಾಡುತ್ತಿತ್ತು. ಕೀಳಲೇ ಎಂದು ದೊಡ್ಡಮ್ಮ ಬೆರಳು ಹಾಕಿದ್ದಳು. ತಾನಾಗಿ ಬೀಳಲಿ, ನಿಮ್ಮ ಪೊಲೀಸ್ ಕೈ ತೆಗೀರಿ ಎಂದು ಡಾಕ್ಟರ್ ಗದರಿಸಿದ್ದಳು. ಎಲ್ಲರೂ ನಕ್ಕಿದ್ದರು. ಫೋಟೋಗ್ರಾಫರ್ ಆ ನಗುವಿನ ಚಿತ್ರ ತೆಗೆದಿದ್ದ.

ಅಂದರೆ ಹಲ್ಲು ಬಿದ್ದದ್ದು ಊಟವಾದ ಮೇಲೆ. ಊಟವಾದ ಮೇಲೆ ಅವನು ಬದುಕಿದ್ದದ್ದು ಸ್ವಲ್ಪವೇ ಹೊತ್ತು.

ಎದೆಯಲ್ಲಿ ಏನೋ ಅಲುಗಿದ ಹಾಗಾಯಿತು. ಬಹಳ ಕಾಲದಿಂದ ಮುಚ್ಚಿದ್ದ ಕದದ ಹಿಂದೆ ಯಾರೋ ಅಡ್ಡಾಡಿದ ಹಾಗೆ.

“ಒಂದು ಕತೆ ಹೇಳ್ಲಾ?”

“ರಾಜನ ಕತೆನಾ?”

“ರಾಜಂದೇ.”

“ಈ ಕೋಟೆ ರಾಜ ಎಲ್ಲಿ ಕಕ್ಕ ಮಾಡ್ತಿದ್ದ ಅಂತ ಹೇಳಿ ಮೊದ್ಲು. ಗುಬ್ಬಿ ಹೇಳ್ತಾಳೆ, ರಾಜರು ಮಾಡೋದೇ ಇಲ್ವಂತೆ.”

“ಅದೇ ಕತೆಯಲ್ಲಿ ಬರುತ್ತೆ, ಕೇಳು.”

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ, ಅವನ ಉಂಗುರ ಕಳೆಯಿತು. ಮಂತ್ರಿಯನ್ನು ಕೇಳಿಸಿದ, ದಂಡನಾಯಕನನ್ನು ಕೇಳಿಸಿದ, ಕುದುರೆ ಲಾಯದವರನ್ನೆಲ್ಲ ಸಾಲಾಗಿ ನಿಲ್ಲಿಸಿ ಕೇಳಿಸಿದ. ಬಚ್ಚಲ ಗುಂಡಿಯನ್ನೂ ತೋಡಿಸಿದ. ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಮುಷ್ಟಿಯನ್ನು ಮಾತ್ರ ಯಾರೂ ಬಿಡಿಸಿ ನೋಡಲಿಲ್ಲ. ಕೂಸಿಗೇನು ಗೊತ್ತು ಎಂದುಕೊಂಡರು. ಉಂಗುರ ಅಲ್ಲೇ ಇತ್ತು.

ಮಿಡತೆ ತನ್ನ ಎರಡೂ ಮುಷ್ಟಿ ಬಿಡಿಸಿ ತೋರಿಸಿದಳು. “ನನ್ನ ಹತ್ರ ಏನೂ ಇಲ್ಲ.”

“ನಿನ್ನ ಹಲ್ಲೆಲ್ಲಿ?”

“ಕಳೆದೋಯ್ತು. ಜೇಬಲ್ಲಿ ಹುಡುಕಿದೆ, ಇರಲಿಲ್ಲ. ಅಮ್ಮಂಗೆ ಹೇಳಿದೆ. ಅಮ್ಮ ಕೇಳಿಸ್ಕೊಳ್ಳಲೇ ಇಲ್ಲ.” ಅವಳು ದನಿ ತಗ್ಗಿಸಿದಳು. “ಈ ಕೋಟೆ ಮಾಡಿನ ಮೇಲೆ ಎಸೆದ್ರೆ ರಾಣಿ ಹಲ್ಲು ಬರುತ್ತೆ ಅಂದಿದ್ರು ಅಪ್ಪ.”

“ಯಾವಾಗ ಅಂದಿದ್ರು?”

“ಬಿದ್ದಾಗ. ಮೆಟ್ಲಲ್ಲಿ. ಅಪ್ಪ ಕನ್ನಡಕದ ಬಟ್ಟೆ ಸುತ್ತಿ ನನ್ನ ಜೇಬಿಗೆ ಹಾಕಿದ್ರು.”

“ಯಾವ ಜೇಬು? ಈ ನೀಲಿ ಜಾಕೆಟ್ಟಿಂದಾ?”

ಮಿಡತೆ ಯೋಚಿಸಿದಳು. ಅವಳ ಹುಬ್ಬು ಮೆಲ್ಲಗೆ ಮೇಲೇರಿತು. “ಅಯ್ಯೋ, ಅವತ್ತು ನಾನು ಹಳದಿ ಹಾಕ್ಕೊಂಡಿದ್ದೆ. ಬೆಳಿಗ್ಗೆ ಗುಬ್ಬಿ ನಂಗೆ ಟೂ ಬಿಟ್ಟಿದ್ಲು. ಊಟ ಆದ್ಮೇಲೆ ರಾಜಿ ಆದ್ವಿ. ರಾಜಿ ಆದ್ರೆ ಏನಾದ್ರೂ ಬದಲಾಯಿಸ್ಕೋಬೇಕು, ಅದಕ್ಕೆ ಜಾಕೆಟ್ಟು ಬದಲಾಯಿಸ್ಕೊಂಡ್ವಿ. ಆಮೇಲೆ ಬಸ್ಸಲ್ಲಿ ವಾಪಸ್ ಹಾಕ್ಕೊಂಡ್ವಿ.”

ದೊಡ್ಡಮ್ಮ ಇನ್ನೊಂದು ಪ್ರಶ್ನೆಗೆ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಭುಜದ ಮೇಲೆ ಒಂದು ಕೈ ಬಿತ್ತು.

“ಅಕ್ಕ, ಮಕ್ಕಳ ಮುಂದೆ ಬೇಡ.”

ಟೀಚರ್. ಗುಬ್ಬಿಯ ತಾಯಿ, ಎಂಜಿನಿಯರನ ಹೆಂಡತಿ. ಮೊನ್ನೆಯಿಂದ ಎರಡೂ ಮಕ್ಕಳಿಗೆ ತಲೆ ಬಾಚಿ, ಉಣ್ಣಿಸಿ, ಮಲಗಿಸಿದವಳು ಅವಳೇ. ಅವಳ ಇನ್ನೊಂದು ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲವಿತ್ತು. ಮಿಡತೆಯನ್ನು ಫಿರಂಗಿಯಿಂದ ಇಳಿಸಿ ಬೆಂಚಿನ ಕಡೆಗೆ ಕರೆದೊಯ್ದಳು.

‘ಮಕ್ಕಳ ಮುಂದೆ ಬೇಡ.’ ಮೊನ್ನೆಯಿಂದ ಎಲ್ಲರ ಬಾಯಲ್ಲೂ ಅದೇ ಮಾತು. ಮಿಡತೆ ಬಂದರೆ ಮಾತು ನಿಲ್ಲುತ್ತಿತ್ತು, ಬಾಗಿಲು ಮುಚ್ಚುತ್ತಿತ್ತು, ಯಾರೋ ಬಿಸ್ಕತ್ತು ಕೊಡುತ್ತಿದ್ದರು. ಮಗುವನ್ನು ವಿಚಾರಿಸಬಹುದೇ ಎಂದು ಅಧಿಕಾರಿ ಕೇಳಿದಾಗ ಬೇಡವೆಂದು ಕೈಮುಗಿದವರಲ್ಲಿ ದೊಡ್ಡಮ್ಮನೂ ಒಬ್ಬಳು. ಕರುಣೆಯಿಂದ ಎಲ್ಲರೂ ಸೇರಿ ಒಂದು ಗೋಡೆ ಕಟ್ಟಿದ್ದರು. ಅಪ್ಪನನ್ನು ಕೊನೆಗೆ ಕಂಡವಳು ಆ ಗೋಡೆಯ ಆಚೆಗೆ ಉಳಿದಿದ್ದಳು.

*

ಅಧಿಕಾರಿಗೆ ಜೋರು ನೆಗಡಿಯಾಗಿತ್ತು. ಇಬ್ಬರಿಗೂ ಅರ್ಧಂಬರ್ಧ ಬರುವ ಇಂಗ್ಲಿಷಿನಲ್ಲಿ ದೊಡ್ಡಮ್ಮ ಅವನನ್ನು ಕೇಳಿಕೊಂಡಳು. ಸಹಿಗೆ ಮುಂಚೆ ಎಂಜಿನಿಯರನೊಡನೆ ಆ ತಿರುವಿನಲ್ಲಿ ಒಂದಿಷ್ಟು ಹೊತ್ತು ಮಾತಾಡಬೇಕು, ನಮ್ಮ ಭಾಷೆಯಲ್ಲಿ. ಅವನು ಅವಳ ಮುಖವನ್ನೊಮ್ಮೆ ನೋಡಿದ. ಒಂದೇ ಕಸುಬಿನವರು ಒಬ್ಬರನ್ನೊಬ್ಬರು ಗುರುತಿಸುತ್ತಾರೆ. ತಲೆಯಾಡಿಸಿ, ಮೂಗು ಒರೆಸಿಕೊಳ್ಳುತ್ತ ಕೆಳಗೇ ನಿಂತ.

ಎಂಜಿನಿಯರ್ ಮುಂದೆ, ದೊಡ್ಡಮ್ಮ ಹಿಂದೆ. ನೂರಾರು ವರ್ಷ ಜನ ತುಳಿದು ಮೆಟ್ಟಿಲುಗಳ ನಡುವೆ ಬಟ್ಟಲಿನಂತೆ ಕುಳಿ ಬಿದ್ದಿತ್ತು. ತಿರುವಿನಲ್ಲಿ ಒಂದು ಕಲ್ಲಿನ ಕಟ್ಟೆ, ಎದೆಯೆತ್ತರಕ್ಕೆ ಒಂದು ಸಣ್ಣ ಕಿಟಕಿ. ಕಿಟಕಿಯಿಂದ ಅಂಗಳವೂ ಅಡುಗೆಮನೆಯ ಮೆಟ್ಟಿಲೂ ನಿಚ್ಚಳವಾಗಿ ಕಾಣುತ್ತಿದ್ದವು.

“ಇಲ್ಲಿಂದಲೇ ನೋಡಿದೆಯಾ?”

“ಹೂಂ.”

“ಗುಬ್ಬಿ ಎಲ್ಲಿದ್ದಳು?”

“ಇಲ್ಲೇ. ಈ ಕಟ್ಟೆ ಮೇಲೆ.” ಅವನು ಕಟ್ಟೆಯನ್ನು ನೋಡಲಿಲ್ಲ. ಗಡ್ಡ ಬೋಳಿಸದ ಮುಖ ಬೂದಿ ಬಳಿದಂತಿತ್ತು. “ಕತ್ತಲೆ ಅಂತ ಅತ್ಲು.”

ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ಬಟ್ಟೆಯನ್ನು ಕಟ್ಟೆಯ ಮೇಲೆ ಹರಡಿದಳು. ಕಿಟಕಿಯ ಬೆಳಕು ಹಲ್ಲಿನ ಮೇಲೆ ಬಿತ್ತು.

“ಇದು ಯಾರದು ಹೇಳು.”

ಅವನು ಬಗ್ಗಿ ನೋಡಿದ. “ಗುಬ್ಬಿದಲ್ಲ. ಅವಳದಿನ್ನೂ ಬಿದ್ದಿಲ್ಲ.”

“ಗುಬ್ಬಿಯ ಜಾಕೆಟ್ಟಿನ ಜೇಬಲ್ಲಿತ್ತು. ಬಟ್ಟೆ ಯಾರದು?”

ಅವನು ಬೆರಳಿಂದ ಆ ಸುಟ್ಟ ಅಂಚನ್ನು ಮುಟ್ಟಿದ. ಮುಟ್ಟಿ, ಕೈ ಹಿಂದಕ್ಕೆ ತೆಗೆದ.

ದೊಡ್ಡಮ್ಮ ದನಿ ಏರಿಸಲಿಲ್ಲ. ಮಕ್ಕಳು ಜಾಕೆಟ್ಟು ಬದಲಾಯಿಸಿಕೊಂಡದ್ದನ್ನು ಹೇಳಿದಳು. ಹಲ್ಲು ಬಿದ್ದ ಹೊತ್ತನ್ನು ಹೇಳಿದಳು. ಹಳದಿ ಜಾಕೆಟ್ಟಿನಲ್ಲಿ ಈ ಮೆಟ್ಟಿಲು ಹತ್ತಿದ್ದು ಮಿಡತೆ, ಅವಳ ಕೈಹಿಡಿದಿದ್ದವನು ಅವಳಪ್ಪ.

“ನೀನಿಲ್ಲಿ ಇರಲಿಲ್ಲ ಕಣಯ್ಯ. ಇಲ್ಲಿ ಇರದವನಿಗೆ ಈ ಕಿಟಕಿ ಎಲ್ಲಿಂದ ಬಂತು? ಸೇತುವೆ ಕಟ್ಟೋ ಕೈ ನಿಂದು. ಕಂಬವೇ ಇಲ್ಲದೆ ಹಲಗೆ ಹಾಸಿದ್ದೀಯಲ್ಲ, ಅದರ ಮೇಲೆ ಆ ತಾಯಿಯನ್ನ ನಡೆಸ್ತೀಯಾ?”

ಎಂಜಿನಿಯರ್ ಕಟ್ಟೆಯ ಮೇಲೆ ಕುಳಿತ. ಅಂಗಳದಿಂದ ಯಾವುದೋ ಗುಂಪಿನ ನಗು ಮೇಲೆ ಬಂತು, ಹೋಯಿತು.

ಅವನು ಹೇಳಿದ್ದು ತುಂಡು ತುಂಡಾಗಿ. ಮಾತಿನಲ್ಲಿ ಜೀವವಿರಲಿಲ್ಲ, ಬೇರೆ ಯಾರದೋ ಕತೆ ಒಪ್ಪಿಸುವ ಹಾಗೆ ಒಪ್ಪಿಸಿದ. ಆ ಹೊತ್ತಿನಲ್ಲಿ ಅವನು ಆಯುಧಗಳ ಕೋಣೆಯಲ್ಲಿದ್ದ, ತೂಗುಹಾಕಿದ ಕತ್ತಿಗಳನ್ನು ನೋಡುತ್ತ. ಕೂಗು ಕೇಳಿ ಓಡಿಬಂದ. ಹಳದಿ ಜಾಕೆಟ್ಟಿನ ಹುಡುಗಿ ಯಾರೋ ಗಂಡಸಿನ ಕೈಹಿಡಿದು ಹತ್ತಿದಳು ಎಂದು ಅಧಿಕಾರಿ ಹೇಳಿದಾಗ ಅವನಿಗೆ ನೆನಪಾದದ್ದು ಗುಬ್ಬಿ. ತನ್ನ ಮಗಳು ಮೇಲೆ ಹೋಗಿದ್ದಳು, ಏನನ್ನೋ ಕಂಡಿದ್ದಾಳೆ ಎಂದುಕೊಂಡ. ಪರದೇಶದ ಪೊಲೀಸರು ತಿಳಿಯದ ಭಾಷೆಯಲ್ಲಿ ಅವಳನ್ನು ಕೂರಿಸಿಕೊಂಡು ಕೇಳುತ್ತಾರೆ. ನಾನೇ ಅಂದುಬಿಟ್ಟರೆ ಮಗುವನ್ನು ಬಿಟ್ಟುಬಿಡುತ್ತಾರೆ.

“ಮಗು ಹೆಸರು ಬರಬಾರದು ಅಂತ ಅಷ್ಟೇ ಅಕ್ಕ. ಒಂದು ಸುಳ್ಳು ಹೇಳಿದೆ. ಅದಕ್ಕೆ ಕಾಲಿರಲಿಲ್ಲ, ಕಾಲು ಕೊಡ್ತಾ ಹೋದೆ.”

“ಡಾಕ್ಟರಳನ್ನ ಕಂಡದ್ದು?”

“ನಾನು ಕಂಡಿಲ್ಲ.”

“ಮತ್ತೆ?”

ಅವನು ಕಿಟಕಿಯ ಕಡೆ ಮುಖ ತಿರುಗಿಸಿದ. “ಇವಳು, ಗುಬ್ಬಿ ಅಮ್ಮ, ಕಂಡಳಂತೆ. ಡಾಕ್ಟರ್ ಆ ಮೆಟ್ಲ ಕಡೆ ಓಡಿದ್ದನ್ನ ನಾನೇ ನೋಡಿದೆ ಅಂದ್ಲು. ನಾನು ಹೇಳಿದ್ರೆ ಹೊಟ್ಟೆಕಿಚ್ಚಿಗೆ ಹೇಳಿದೆ ಅಂತಾರೆ, ನೀವು ಹೇಗೂ ಮೆಟ್ಲಲ್ಲಿದ್ದೆ ಅಂದಿದ್ದೀರಲ್ಲ, ಕಿಟಕಿಯಿಂದ ಕಂಡೆ ಅನ್ನಿ ಅಂದ್ಲು.”

“ಇಲ್ಲಿ ಕಿಟಕಿ ಇದೆ ಅಂತ ನಿನಗೆ ಗೊತ್ತಿತ್ತಾ?”

“ಇಲ್ಲ. ಇವತ್ತೇ ನೋಡ್ತಿರೋದು.”

ಕಿಟಕಿ ಅಂಗಳದಿಂದ ಕಾಣುವಂಥದ್ದಲ್ಲ. ಗೋಡೆಯ ದಪ್ಪದಲ್ಲಿ ಹುದುಗಿತ್ತು. ಮೇಲೆ ಬಂದವರಿಗಷ್ಟೇ ಅದು ಗೊತ್ತಾಗುವುದು. ಆ ಮಾತನ್ನು ದೊಡ್ಡಮ್ಮ ಆಡಲಿಲ್ಲ. ಎಂಜಿನಿಯರ್ ಕಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ ರೀತಿಯಲ್ಲೇ ಅವನಿಗೂ ತಿಳಿಯಿತೆಂದು ತಿಳಿಯಿತು.

“ಸಹಿ ಹಾಕ್ತೀಯಾ?” ಎಂದು ಕೇಳಿದಳು.

ಅವನು ತಲೆಯಲ್ಲಾಡಿಸಿದ. ಇಲ್ಲ.

“ಹಾಗಾದ್ರೆ ಅಧಿಕಾರಿಯನ್ನ ಮೇಲೆ ಕಳಿಸ್ತೀನಿ. ನಿನ್ನ ಬಾಯಿಂದಲೇ ಹೇಳು. ಭಗವಂತ ಇನ್ನೂ ನಿನ್ನ ನಾಲಿಗೆ ಕಿತ್ತುಕೊಂಡಿಲ್ಲ.”

*

ಅಧಿಕಾರಿ ಮೆಟ್ಟಿಲು ಹತ್ತಿ ಹೋದ. ಡಾಕ್ಟರಳ ಮೇಲಿನ ಒಂದು ಎಳೆ ಕಡಿದಿತ್ತು. ದೊಡ್ಡಮ್ಮನಿಗೆ ಹಗುರವಾಗಲಿಲ್ಲ. ಕಡಿದ ಎಳೆಯ ಇನ್ನೊಂದು ತುದಿ ತನ್ನದೇ ಮಹಡಿಯ ಇನ್ನೊಂದು ಬಾಗಿಲಿನೊಳಗೆ ಹೋಗುತ್ತಿತ್ತು. ಆ ಬಾಗಿಲಿನಿಂದ ತನ್ನ ಗಂಡನ ಕಾಯಿಲೆಯ ದಿನಗಳಲ್ಲಿ ಹೊತ್ತು ಹೊತ್ತಿಗೆ ಗಂಜಿ ಬಂದಿತ್ತು. ಕೆಲವು ಸತ್ಯಗಳನ್ನು ದೇವರು ನಮ್ಮ ಕೈಯಿಂದಲೇ ಏಕೆ ಅಗೆಸುತ್ತಾನೆ ಎಂದು ಕೇಳಬಾರದು. ಅಗೆಯಬೇಕು.

ಅಂಗಳದಾಚೆಯ ಬೆಂಚಿನಲ್ಲಿ ಒಂದು ತುದಿಗೆ ಡಾಕ್ಟರ್, ಇನ್ನೊಂದು ತುದಿಗೆ ಟೀಚರ್ ಕುಳಿತಿದ್ದರು. ಟೀಚರ್ ಕಿತ್ತಳೆ ಸುಲಿಯುತ್ತಿದ್ದಳು. ಮಕ್ಕಳಿಬ್ಬರೂ ಕಾವಲಿನ ಹೆಂಗಸಿನ ಖಾಲಿ ಸ್ಟೂಲಿನ ಬಳಿ ಕುಂಟಾಬಿಲ್ಲೆ ಆಡುತ್ತಿದ್ದರು.

ದೊಡ್ಡಮ್ಮ ಬಟ್ಟೆಯಲ್ಲಿ ಸುತ್ತಿದ ಹಲ್ಲನ್ನು ಮಿಡತೆಗೆ ತೋರಿಸಿದಳು. ಮಗುವಿನ ಮುಖ ಅರಳಿತು. ಮೊನ್ನೆಯಿಂದ ಈ ಗುಂಪಿನಲ್ಲಿ ಅರಳಿದ ಮೊದಲ ಮುಖ ಅದು.

“ಹಲ್ಲು ಜೇಬಿಗೆ ಹಾಕಿ ಅಪ್ಪ ಎಲ್ಲಿಗೆ ಹೋದ್ರು ಪುಟ್ಟಾ?”

“ಮೇಲಕ್ಕೆ. ನನ್ನ ಕಟ್ಟೆ ಮೇಲೆ ಕೂರಿಸಿ, ಇಲ್ಲೇ ಕೂತಿರು, ಮಾತಾಡಿ ಬಂದು ಹಲ್ಲು ಎಸೆಯೋಣ ಅಂದ್ರು. ಬರಲೇ ಇಲ್ಲ, ಆ ಶಾಲೆ ಮಕ್ಕಳ ಜೊತೆ ನಾನು ಇಳಿದ್ಬಿಟ್ಟೆ.”

“ಯಾರ ಹತ್ರ ಮಾತಾಡಿ?”

ಮಿಡತೆ ಅವಳನ್ನು ವಿಚಿತ್ರವಾಗಿ ನೋಡಿದಳು. “ನಿಮ್ಮ ಹತ್ರಾನೇ. ನೀವು ತಾನೇ ಮೇಲೆ ಕರೆದಿದ್ದು?”

ದೊಡ್ಡಮ್ಮನ ಕೈ ಹಲ್ಲಿನ ಮೇಲೆ ಮುಚ್ಚಿಕೊಂಡಿತು. ಮೊನ್ನೆ ಆ ಹೊತ್ತಿನಲ್ಲಿ ಅವಳು ಹೆಬ್ಬಾಗಿಲ ಬಳಿಯ ಜಗುಲಿಯಲ್ಲಿ, ಮಳೆ ನೋಡುತ್ತ, ಏನನ್ನೂ ನೋಡದೆ ಕುಳಿತಿದ್ದಳು. ಯಾರನ್ನೂ ಕರೆದಿರಲಿಲ್ಲ.

“ಹಾಗಂತ ಯಾರು ಹೇಳಿದ್ರು?”

“ಗುಬ್ಬಿ ಬಂದು ಹೇಳಿದ್ಲು. ದೊಡ್ಡಮ್ಮ ಮೇಲೆ ಗೋಡೆ ಹತ್ರ ಕಾಯ್ತಿದಾರೆ, ಬೇಗ ಬರಬೇಕಂತೆ ಅಂತ. ಅಲ್ವೇನೇ?”

ಗುಬ್ಬಿ ಒಂಟಿಕಾಲಿನಲ್ಲಿ ನಿಂತಿದ್ದವಳು ಮೆಲ್ಲಗೆ ಇನ್ನೊಂದು ಕಾಲನ್ನು ನೆಲಕ್ಕೂರಿದಳು.

“ಮಿಡತೆ, ನೀನು ಹೋಗಿ ಅಮ್ಮನ ಹತ್ರ ಕೂತ್ಕೊ. ಕಿತ್ತಳೆ ತಿನ್ನು.”

ಮಿಡತೆ ಹಾರುತ್ತ ಓಡಿದಳು. ದೊಡ್ಡಮ್ಮ ಸ್ಟೂಲಿನ ಮೇಲೆ ಕುಳಿತು ಗುಬ್ಬಿಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡಳು. ಮಗುವಿನ ಎದೆ ಅಂಗೈಯಲ್ಲಿ ಹಿಡಿದ ಹಕ್ಕಿಯ ಎದೆಯ ಹಾಗೆ ಬಡಿಯುತ್ತಿತ್ತು.

“ಹಾಗೆ ಹೇಳು ಅಂತ ನಿನಗೆ ಯಾರು ಹೇಳಿಕೊಟ್ರು?”

ಗುಬ್ಬಿ ಜಾಕೆಟ್ಟಿನ ಅಂಚು ತಿರುವತೊಡಗಿದಳು.

“ನಾನು ಬೈಯಲ್ಲ.”

“ಹೇಳಂಗಿಲ್ಲ. ಆಣೆ ಮಾಡಿದೀನಿ.” ಪಿಸುದನಿ. “ಹೇಳಿದ್ರೆ ಅಮ್ಮ ಸತ್ತೋಗ್ತಾಳೆ.”

“ಅಮ್ಮನ ಮೇಲೆ ಆಣೆನಾ?”

ಹೌದೆಂದು ತಲೆಯಾಡಿಸಿದಳು.

ದೊಡ್ಡಮ್ಮ ಅವಳ ಕೂದಲು ಸವರಿದಳು. ಮಕ್ಕಳ ಆಣೆಯನ್ನು ದೊಡ್ಡವರು ಮುರಿಸಬಾರದು. ಮುರಿದರೆ ಆ ಭಯ ಮಗುವಿನೊಳಗೆ ಮರವಾಗಿ ಬೆಳೆಯುತ್ತದೆ. ಅವಳ ಅಜ್ಜಿ ಹಾಗೆಂದು ಹೇಳುತ್ತಿದ್ದಳು. ಮುಳ್ಳನ್ನು ಹೊಕ್ಕ ದಾರಿಯಿಂದಲೇ ತೆಗೆಯಬೇಕು.

“ಸರಿ. ಯಾರು ಹೇಳಿಕೊಟ್ರು ಅಂತ ಹೇಳಬೇಡ. ಆಣೆ ಇರಲಿ. ಆಣೆ ಮಾಡಿಸಿದ್ದು ಯಾರು ಅಂತ ಹೇಳಬಾರದು ಅಂತಲೂ ಆಣೆ ಇದೆಯಾ?”

ಗುಬ್ಬಿ ಯೋಚಿಸಿದಳು. ಬೆರಳು ಬಾಯಿಗೆ ಹೋಯಿತು, ಹೊರಗೆ ಬಂತು. ತನ್ನ ಪುಟ್ಟ ನ್ಯಾಯದ ತಕ್ಕಡಿಯಲ್ಲಿ ಎರಡು ಕಡೆಯೂ ಇಟ್ಟು ತೂಗಿ ನೋಡಿದಳು.

“ಅದಕ್ಕೆ ಆಣೆ ಇಲ್ಲ.”

“ಹಾಗಾದ್ರೆ ಅದನ್ನ ಹೇಳು. ಅಮ್ಮನಿಗೆ ಏನೂ ಆಗಲ್ಲ. ಅಮ್ಮನ ಮೇಲೆ ಆಣೆ ಮಾಡಿಸಿದ್ದು ಯಾರು?”

“ಅಮ್ಮನೇ.”

ದೊಡ್ಡಮ್ಮ ತಲೆಯೆತ್ತಿ ಅಂಗಳದಾಚೆಗೆ ನೋಡಿದಳು.

ಬೆಂಚಿನ ಒಂದು ತುದಿಯಲ್ಲಿ ಡಾಕ್ಟರ್ ಹಾಗೇ ಕುಳಿತಿದ್ದಳು. ಕಣ್ಣು ತೆರೆದಿತ್ತು, ನೋಡುತ್ತಿರಲಿಲ್ಲ. ಇನ್ನೊಂದು ತುದಿಯಲ್ಲಿ ಅರ್ಧ ಸುಲಿದ ಕಿತ್ತಳೆ ಇತ್ತು. ಟೀಚರ್ ಇರಲಿಲ್ಲ. ಮಿಡತೆಯೂ ಇರಲಿಲ್ಲ.

ಬೆಂಚಿನ ಹಿಂದೆ, ಅಡುಗೆಮನೆಯ ಮೆಟ್ಟಿಲ ಬಾಯಲ್ಲಿ, ಒಂದು ಕೊಂಡಿ ಕಳಚಿದ ಸರಪಳಿ ಇನ್ನೂ ತೂಗುತ್ತಿತ್ತು.